ಹೂತಿಟ್ಟವರು ಯಾರು?

ನಿಧಿ ಎಂದ ಕೂಡಲೇ ಗಂಡಸರಿಗೆ ನೆಲದಡಿಯ ಕೊಪ್ಪರಿಗೆ ನೆನಪಾಗುತ್ತದೆ. ನಮಗೆ ಹೆಂಗಸರಿಗೆ ನೆನಪಾಗುವುದು ಸಾಸಿವೆ ಡಬ್ಬಿ. ಮೆಂತ್ಯದ ಡಬ್ಬಿಯ ತಳ, ರೇಷ್ಮೆ ಸೀರೆಯ ಮಡಿಕೆ, ದೇವರ ಗೂಡಿನ ಹಿಂದಿನ ಸಂದು, ಇವುಗಳಲ್ಲಿ ಎಲ್ಲಾದರೂ ಒಂದು ಕಡೆ ನೋಟು ಮಡಿಸಿಡದ ಗೃಹಿಣಿ ನನಗಿನ್ನೂ ಸಿಕ್ಕಿಲ್ಲ. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದಾಗ ನಮ್ಮ ಬೀದಿಯ ಡಬ್ಬಿಗಳೆಲ್ಲ ಒಂದೇ ರಾತ್ರಿ ಬಾಯಿಬಿಟ್ಟವು. ಯಾವಾಗಲೂ ‘ಕೈಯಲ್ಲಿ ಕಾಸಿಲ್ಲ’ ಎನ್ನುತ್ತಿದ್ದ ಪಕ್ಕದ ಮನೆಯಾಕೆ ಹನ್ನೊಂದು ಸಾವಿರ ತೆಗೆದು ಗಂಡನ ಮುಂದಿಟ್ಟಾಗ, ಆತನ ಮುಖದಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತಂತೆ!

ಯಾಕೆ ಬಚ್ಚಿಡುತ್ತೇವೆ ಹೇಳಿ? ಮಗಳ ಬಾಣಂತನಕ್ಕೆ, ಮಗನ ಫೀಸಿಗೆ, ಆಸ್ಪತ್ರೆಗೆ. ಒಟ್ಟಿನಲ್ಲಿ ನಾಳೆಯ ಭಯಕ್ಕೆ. ಆದ್ದರಿಂದಲೇ ಎಲ್ಲೋ ನಿಧಿ ಸಿಕ್ಕಿತಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ‘ಎಷ್ಟು ಸಿಕ್ಕಿತು?’ ಎಂದು ಎಲ್ಲರೂ ಕೇಳುವ ಹೊತ್ತಿನಲ್ಲಿ ನನ್ನ ಮನಸ್ಸು ಬೇರೆಯೇ ಒಂದು ಪ್ರಶ್ನೆ ಕೇಳುತ್ತದೆ. ಹೂತಿಟ್ಟವರು ಯಾರು? ಮತ್ತೆ ಬಂದು ಯಾಕೆ ತೆಗೆದುಕೊಳ್ಳಲಿಲ್ಲ?

ನಮ್ಮ ಹಾಸನದ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಇವೆಲ್ಲ ಕೋಟೆ ಕಂಡ ಊರುಗಳೇ. ಚನ್ನರಾಯಪಟ್ಟಣದ ಮೊದಲ ಹೆಸರು ಕೊಳತೂರು. 1600ರ ಸುಮಾರಿಗೆ ಹೊಳೆನರಸೀಪುರದ ಲಕ್ಷ್ಮಪ್ಪನಾಯಕ ಅದನ್ನು ಗೆದ್ದು ಮಗ ಚನ್ನರಾಯನಿಗೆ ಕೊಟ್ಟ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅರಕಲಗೂಡನ್ನು ಐಗೂರಿನ ಕೃಷ್ಣಪ್ಪನಾಯಕ ಕಟ್ಟಿದ್ದು 1568ರ ಸುಮಾರಿಗಂತೆ. ಒಬ್ಬ ಪಾಳೆಯಗಾರ ಹೋದರೆ ಇನ್ನೊಬ್ಬ, ಆಮೇಲೆ ಮೈಸೂರಿನ ಒಡೆಯರು, ಅವರ ಹಿಂದೆಯೇ ಮರಾಠರ ಕುದುರೆಗಳು. 1771ರಲ್ಲಿ ಮೇಲುಕೋಟೆಯ ಹತ್ತಿರದ ಚಿನಕುರುಳಿಯಲ್ಲಿ ಹೈದರಾಲಿ ಸೋತಾಗ ಮರಾಠರ ದಂಡು ಮೇಲುಕೋಟೆಯನ್ನೂ ಬಿಡದೆ ದೋಚಿತು. ಚನ್ನರಾಯಪಟ್ಟಣಕ್ಕೆ ಅಲ್ಲಿಂದ ಎಷ್ಟು ದೂರ? ಕುದುರೆಯ ಗೊರಸಿನ ಸದ್ದು ಕೇಳುವ ಮೊದಲೇ ಹಿತ್ತಿಲಲ್ಲಿ ಗುಂಡಿ ತೋಡಿ ಕುಡಿಕೆ ಇಟ್ಟು, ಮೇಲೆ ತಿಪ್ಪೆ ಎಳೆದು, ಮಕ್ಕಳನ್ನು ಕಂಕುಳಿಗೇರಿಸಿಕೊಂಡು ಕಾಡಿಗೆ ಓಡಿದ ಹೆಣ್ಣುಮಕ್ಕಳು ಎಷ್ಟು ಜನವೋ! ನನ್ನ ಅಜ್ಜಿಯ ಅತ್ತೆ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಗುಡಿಸಿಲಿಗೆ ಹೋಗುವಾಗ ಬೆಳ್ಳಿ ರೂಪಾಯಿಗಳನ್ನು ಒಲೆಯ ಕೆಳಗೆ ಹೂತಿದ್ದರಂತೆ. ಅವರು ಬದುಕಿ ಹಿಂದಿರುಗಿದ್ದರಿಂದ ಅದು ‘ಉಳಿತಾಯ’ ಎನಿಸಿಕೊಂಡಿತು. ಹಿಂದಿರುಗದವರದ್ದು ‘ನಿಧಿ’ಯಾಯಿತು. ವ್ಯತ್ಯಾಸ ಇಷ್ಟೇ.

ಆ ಕುಡಿಕೆಗಳಲ್ಲಿ ಏನಿರುತ್ತದೆ? ಸಿನಿಮಾದಲ್ಲಿ ತೋರಿಸುವಂತೆ ಥಳಥಳಿಸುವ ರಾಶಿಯೇನಲ್ಲ. ಕಂಠೀರವ ನರಸರಾಜ ಒಡೆಯರು (1638ರಿಂದ 1659) ಹೊರಡಿಸಿದ ಚಿನ್ನದ ಹಣವನ್ನು ಮ್ಯೂಸಿಯಮ್ಮಿನಲ್ಲಿ ನೋಡಿದ್ದೇನೆ. ನಮ್ಮ ಕಿರುಬೆರಳ ಉಗುರಿಗಿಂತ ಚಿಕ್ಕದು, ಅದರ ಮೇಲೆ ನರಸಿಂಹ! ಅಂಗೈಯಲ್ಲಿಟ್ಟು ಜೋರಾಗಿ ಉಸಿರು ಬಿಟ್ಟರೆ ಹಾರಿಹೋದೀತು. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸಿನಲ್ಲಿ ಕನ್ನಡದ ಜೊತೆಗೆ ಇಂಗ್ಲಿಷೂ ಉಂಟು. ಇನ್ನೂ ಹಿಂದಕ್ಕೆ ಹೋದರೆ ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಅಕ್ಷರಗಳಿವೆ. ತಲಕಾಡನ್ನು ಗೆದ್ದ ಹೆಮ್ಮೆಯನ್ನು ಅರಸ ಸಂತೆಗೆ ಹೋಗುವ ದುಡ್ಡಿನ ಮೇಲೆ ಬರೆಸಿಬಿಟ್ಟ. ಅಕ್ಷರ ಓದಬಲ್ಲವರಿಗೆ ಅದು ಚರಿತ್ರೆ, ಓದದವರಿಗೆ ಕರಗಿಸುವ ಬಂಗಾರ.

ಈ ಪುರಾಣವೆಲ್ಲ ಯಾಕೆಂದರೆ, ಕೆಲವು ವರ್ಷಗಳ ಹಿಂದೆ ಅರಕಲಗೂಡು ತಾಲ್ಲೂಕಿನ ನಮ್ಮ ಯಜಮಾನರ ಊರಿಗೆ ಮೆಟಲ್ ಡಿಟೆಕ್ಟರ್ ಬಂತು.

ಆ ವರ್ಷ ಶುಂಠಿ ಕೈಕೊಟ್ಟಿತ್ತು. ಬೆಲೆ ಬಿದ್ದು, ಬೀಜದ ಸಾಲವೂ ತೀರದೆ ನನ್ನ ಮೈದುನ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಸಾಲಗಾರನ ಕಿವಿಗೆ ಎಂಥ ಮಾತಾದರೂ ರುಚಿಸುತ್ತದೆ ನೋಡಿ. ಎಲ್ಲಿಂದಲೋ ಬಂದ ಇಬ್ಬರು, ಒಬ್ಬ ವೀಳ್ಯದೆಲೆಗೆ ಅಂಜನ ಸವರಿ ನೋಡುವವನು, ಇನ್ನೊಬ್ಬ ಯಂತ್ರ ಹಿಡಿದವನು, ‘ನಿಮ್ಮ ಹೊಲದಲ್ಲಿ ಏಳು ಕೊಪ್ಪರಿಗೆ ಇದೆ’ ಎಂದರು. ಯಂತ್ರದ ಬಾಡಿಗೆ, ಪೂಜೆಯ ಖರ್ಚು ಎಂದು ನನ್ನ ಓರಗಿತ್ತಿಯ ಅವಲಕ್ಕಿ ಸರ ಗಿರವಿ ಅಂಗಡಿ ಸೇರಿತು. ತವರಿನವರು ಹಾಕಿದ್ದ ಸರ ಅದು. ಇಲ್ಲದ ಹೊನ್ನನ್ನು ಹುಡುಕಲು ಇರುವ ಹೊನ್ನನ್ನು ಒತ್ತೆಯಿಡುವುದೆಂದರೆ ಇದೇ.

ಯಂತ್ರವೇನೋ ಕೂಗಿತು. ಕೂಗದೆ ಏನು? ಕೋಲಿನ ತುದಿಯಲ್ಲಿ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ವಿದ್ಯುತ್ ಹರಿದಾಗ ಸುತ್ತಲೂ ಕಾಂತಶಕ್ತಿ ಹರಡಿ, ಹತ್ತಿರದ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳನ್ನೆಬ್ಬಿಸುತ್ತದೆ. ಅದನ್ನೇ ಯಂತ್ರ ಸದ್ದು ಮಾಡಿ ಹೇಳುತ್ತದೆ. ಅದಕ್ಕೆ ಕೊಪ್ಪರಿಗೆಯೂ ಒಂದೇ, ಸೋಡಾ ಬಾಟಲಿಯ ಮುಚ್ಚಳವೂ ಒಂದೇ. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣಂತೂ ಇದನ್ನು ಸುಮ್ಮಸುಮ್ಮನೆ ಕುಣಿಸುತ್ತದೆ. ಚನ್ನರಾಯಪಟ್ಟಣದ ನುಗ್ಗೇಹಳ್ಳಿ, ಬೈರಾಪುರದ ಕಡೆ ಕ್ರೋಮೈಟ್ ಗಣಿಗಳೇ ಇದ್ದವಲ್ಲ, ಅದಿರಿನ ಸೀಮೆ ನಮ್ಮದು. ಈ ಯಂತ್ರದ ಹಳೆಯ ಕಥೆಯೂ ಹೀಗೆಯೇ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದಾಗ, ಟೆಲಿಫೋನಿನ ಗ್ರಹಾಂ ಬೆಲ್ ಒಳಗಿನ ಗುಂಡನ್ನು ಹುಡುಕಲು ಇಂಥದೊಂದು ಸಾಧನ ಮಾಡಿ ತಂದರಂತೆ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಗೊಂದಲ ಮಾಡಿ ಗುಂಡು ಸಿಗಲೇ ಇಲ್ಲ. ಬೆಲ್‌ರಂಥವರಿಗೇ ಹೀಗಾದ ಮೇಲೆ ನಮ್ಮ ಅಂಜನದವನ ಪಾಡೇನು!

ಮೂರು ದಿನ ಅಗೆದರು. ಎತ್ತಿನ ಲಾಳ ನಾಲ್ಕು, ಗಾಡಿಯ ಕಡಾಣಿ ಒಂದು, ಮುರಿದ ನೇಗಿಲ ಗುಳ, ಮೊಳೆಗಳು, ಒಂದು ತಾಮ್ರದ ಕಾಸು. ಅಷ್ಟೇ. ‘ಜಾಗ ಬದಲಾಗಿದೆ’ ಎಂದ ಅಂಜನದವನು, ಕೆರೆ ಏರಿಯ ಮೇಲಿನ ಕಲ್ಲುಗಳ ಕಡೆ ಕೈತೋರಿಸಿದ.

ಅಲ್ಲೊಂದು ವೀರಗಲ್ಲು, ಅದರ ಪಕ್ಕದಲ್ಲಿ ಒಂದು ಮಾಸ್ತಿಕಲ್ಲು ಇದ್ದವು. ನಮ್ಮ ಜಿಲ್ಲೆಯ ಊರೂರಿಗೂ ಇಂಥ ಕಲ್ಲುಗಳುಂಟು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ರಾಜರಿಗಾಗಿ ಸತ್ತವರು ಮಾತ್ರ ಅಲ್ಲಿಲ್ಲ. ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡನಿಂತವರು ಇದ್ದಾರೆ, ಅದಕ್ಕೆ ಶಾಸನಗಳಲ್ಲಿ ‘ತುರುಗೊಳ್’ ಎಂಬ ಮಾತಿದೆ. ಹೆಂಗಸರ ಕೂಗು ಕೇಳಿ ಓಡಿಬಂದು ಪ್ರಾಣ ಕೊಟ್ಟವರಿದ್ದಾರೆ, ಅದು ‘ಪೆಣ್ಬುಯ್ಯಲ್’. ಮಾಸ್ತಿಕಲ್ಲಿನಲ್ಲಿ ಬಳೆ ತುಂಬಿದ ಒಂದು ತೋಳು ಮೇಲೆತ್ತಿರುತ್ತದೆ, ಗಂಡನ ಜೊತೆ ಬೆಂಕಿಗೆ ಹೋದವಳ ತೋಳು. ನಮ್ಮೂರ ಹೆಂಗಸರು ಅದಕ್ಕೆ ಶುಕ್ರವಾರ ಅರಿಶಿನ ಕುಂಕುಮ ಹಚ್ಚುತ್ತಾರೆ. ಅಂಜನದವನು ಆ ತೋಳನ್ನೇ ನೋಡಿ, ‘ನೋಡಿ, ಕೈ ಎತ್ತ ತೋರಿಸುತ್ತಿದೆಯೋ ಅತ್ತ ನಿಧಿ’ ಎಂದುಬಿಟ್ಟ!

ನನ್ನ ಓರಗಿತ್ತಿ ಎದುರು ಮಾತಾಡುವವಳಲ್ಲ. ಅಂದು ಮಾತ್ರ ಅವಳು, ‘ನನ್ನ ಸರ ಹೋಯ್ತು, ಹೋಗಲಿ. ಬಳೆ ತೊಟ್ಟ ಆ ಕೈಗೆ ಹಾರೆ ಹಾಕಬೇಡಿ’ ಎಂದಳಂತೆ. ಮೈದುನ ಆ ಮಾತಿಗೆ ಸುಮ್ಮನಾದ. ಬಂದವರು ಸುಮ್ಮನಾಗಲಿಲ್ಲ. ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ನೀರಿಗೆ ಹೋದವರು ನೋಡಿದರೆ ಏರಿಯ ಮೇಲೆ ಆಳುದ್ದ ಗುಂಡಿ, ಸುತ್ತ ನಿಂಬೆಹಣ್ಣು, ಕುಂಕುಮ. ಮಾಸ್ತಿಕಲ್ಲು ಓರೆಯಾಗಿ ವಾಲಿತ್ತು. ವೀರಗಲ್ಲು ಮಗುಚಿಬಿದ್ದು ಎರಡು ಹೋಳಾಗಿತ್ತು. ಕೈಲಾಸದ ಕೆಳಗೆ ಎರಡು ಸಾಲು ಅಕ್ಷರವಿತ್ತು, ಬಿರುಕು ಸರಿಯಾಗಿ ಅದರ ನಡುವೆಯೇ ಹಾಯ್ದಿತ್ತು. ಗುಂಡಿಯ ತಳದಲ್ಲಿ ಜೇಡಿಮಣ್ಣು ಬಿಟ್ಟರೆ ಇನ್ನೇನೂ ಇರಲಿಲ್ಲ.

ನನಗೆ ಆಗ ಅನಿಸಿದ್ದು ಇದು. ನಿಧಿ ಇದ್ದದ್ದು ಕಲ್ಲಿನ ಕೆಳಗಲ್ಲ, ಕಲ್ಲಿನ ಮೇಲೆ. ಆ ಎರಡು ಸಾಲಿನಲ್ಲಿ ಒಬ್ಬನ ಹೆಸರಿತ್ತು, ಅವನು ಯಾರಿಗಾಗಿ ಸತ್ತ ಎಂಬುದಿತ್ತು. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಪ್ರತಿ ಮಾಡಿಸಿ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಪುಸ್ತಕ ಸೇರಿದ ಕಲ್ಲು ಒಡೆದರೂ ಮಾತು ಉಳಿಯುತ್ತದೆ. ಸೇರದ ಕಲ್ಲು ಒಡೆದರೆ ಆ ಮನುಷ್ಯ ಎರಡನೆಯ ಸಲ ಸತ್ತಂತೆಯೇ.

ಹಾಗೆಂದು ಯಂತ್ರವನ್ನು ಬೈಯುವುದೂ ನ್ಯಾಯವಲ್ಲ. 1992ರಲ್ಲಿ ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಸ್ನೇಹಿತ ಎರಿಕ್ ಲಾಸ್ ಮೆಟಲ್ ಡಿಟೆಕ್ಟರ್ ಹಿಡಿದು ಹೋದ. ಸಿಕ್ಕಿದ್ದು ರೋಮನ್ನರ ಕಾಲದ ಪೆಟ್ಟಿಗೆ! ಆತ ಒಂದಷ್ಟು ತೆಗೆದವನು ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಪುರಾತತ್ವದವರು ಬಂದು ಮಣ್ಣನ್ನು ಪದರಪದರವಾಗಿ ಬಿಡಿಸಿದ್ದರಿಂದ ಹದಿನಾಲ್ಕು ಸಾವಿರಕ್ಕೂ ಮಿಕ್ಕ ನಾಣ್ಯಗಳ ಜೊತೆಗೆ, ಅವನ್ನು ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. ಆ ಸುತ್ತಿಗೆಯೂ ಸಿಕ್ಕಿತು, ಅದೂ ಬ್ರಿಟಿಷ್ ಮ್ಯೂಸಿಯಮ್ ಸೇರಿತು! ನಮ್ಮಲ್ಲೂ ಇಂಥದ್ದುಂಟು. ಶಿವಮೊಗ್ಗ ಜಿಲ್ಲೆಯ ನಗರದ ಒಂದು ಪಾಳುಬಾವಿಯಲ್ಲಿ 2018ರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಬಾವಿಯ ಕೆಸರಿಗೆ ಮದ್ದಿನ ವಾಸನೆ ಇದ್ದದ್ದೇ ಸುಳಿವಾಯಿತಂತೆ. ಯಂತ್ರಕ್ಕಿಂತ ಮೂಗು ಮೇಲಾಯಿತಲ್ಲ! ರಾಜ್ಯದ ಪುರಾತತ್ವ ಇಲಾಖೆಯವರು ತೆಗೆದದ್ದರಿಂದ ಅವು ಗುಜರಿಗೆ ಹೋಗದೆ ಉಳಿದವು.

ತಿಳಿಸಿದರೆ ಪೊಲೀಸರು ಎಲ್ಲ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿದೆ. ಅದಕ್ಕೇ ಸಿಕ್ಕ ಕಾಸು ರಾತ್ರೋರಾತ್ರಿ ಅಕ್ಕಸಾಲಿಗನ ಕುಲುಮೆ ಸೇರುವುದು. ಹಿಂದಿನ ದಾನಶಾಸನಗಳಲ್ಲಿ ಭೂಮಿಯ ಜೊತೆಗೆ ‘ನಿಧಿ, ನಿಕ್ಷೇಪ’ಗಳ ಹಕ್ಕನ್ನೂ ಎಣಿಸಿ ಕೊಡುತ್ತಿದ್ದರು. ಈಗ ಹಾಗಿಲ್ಲ. 1878ರ ಕಾಯಿದೆಯೇ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದಿತು. ನಮ್ಮ ರಾಜ್ಯದ್ದೇ ಕಾಯಿದೆ 1962ರಲ್ಲಿ ಬಂತು. ಮುಚ್ಚಿಟ್ಟರೆ ಶಿಕ್ಷೆ. ಪ್ರಾಮಾಣಿಕವಾಗಿ ಒಪ್ಪಿಸಿದವರಿಗೆ ಪಾಲಿನ, ಪರಿಹಾರದ ಮಾತೂ ಕಾಯಿದೆಯಲ್ಲಿದೆ. ಇದನ್ನು ಗಂಡಸರಿಗೆ ತಿಳಿಸಿಹೇಳುವ ಕೆಲಸ ನಮ್ಮದೇ ಆಗಬೇಕೇನೋ. ಏಕೆಂದರೆ ಅಂಜನದವನ ಖರ್ಚಿಗೆ ಹೋಗುವುದು ನಮ್ಮ ಕೊರಳಿನದು.

ಓರಗಿತ್ತಿ ಎರಡು ವರ್ಷ ಡೈರಿಗೆ ಹಾಲು ಹಾಕಿ ಸರ ಬಿಡಿಸಿಕೊಂಡಳು. ಮೈದುನ ಊರಿನ ಹುಡುಗರನ್ನು ಸೇರಿಸಿಕೊಂಡು ಕಲ್ಲಿನ ಎರಡು ಹೋಳನ್ನೂ ಎತ್ತಿ, ಗುಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾನೆ. ಶಾಸನ ಓದಬಲ್ಲ ಕಾಲೇಜಿನ ಮೇಷ್ಟರೊಬ್ಬರು ಬಂದು ಒದ್ದೆ ಕಾಗದ ಒತ್ತಿ ಅಚ್ಚು ತೆಗೆದುಕೊಂಡು ಹೋದರು. ಅಕ್ಷರ ಬಹಳ ಸವೆದಿದೆ, ಅರ್ಧದಷ್ಟು ಬಿಡಿಸಬಹುದು ಎಂದರು. ಅರ್ಧವಾದರೂ ಸರಿ.

ಆ ಮೂರು ದಿನದ ಅಗೆತದಲ್ಲಿ ಸಿಕ್ಕ ತಾಮ್ರದ ಕಾಸನ್ನು ಓರಗಿತ್ತಿ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದಳು, ಹಬ್ಬಕ್ಕೆ ಚೊಂಬು ಬೆಳಗುವಂತೆ. ಆ ಮೇಷ್ಟರೇ ತಡೆದರಂತೆ. ಹಸಿರು ಕಿಲುಬಿನ ಜೊತೆಗೆ ಅಕ್ಷರವೂ ಹೋಗಿಬಿಡುತ್ತದೆ, ನಾಣ್ಯವನ್ನು ಯಾವತ್ತೂ ಬೆಳಗಬಾರದು, ಎಲ್ಲಿ ಎಷ್ಟು ಆಳದಲ್ಲಿ ಸಿಕ್ಕಿತೆಂದು ಒಂದು ಚೀಟಿಯಲ್ಲಿ ಬರೆದಿಡಬೇಕು ಎಂದರಂತೆ. ನಿಮ್ಮ ಮಕ್ಕಳೂ ಮಳೆ ಬಂದ ಮಾರನೆಯ ದಿನ ಹೊಲದಿಂದ ಇಂಥದೊಂದು ಕಾಸನ್ನು ಆರಿಸಿ ತಂದಾರು. ತಂದರೆ ಹುಣಸೆಹಣ್ಣನ್ನು ಸಾರಿಗೇ ಇಟ್ಟುಕೊಳ್ಳಿ. ಕಾಸನ್ನು ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿಟ್ಟು, ಜಾಗ ಬರೆದಿಟ್ಟು, ತಿಳಿಸಬೇಕಾದವರಿಗೆ ತಿಳಿಸಿ. ಯಾರೋ ಒಬ್ಬಳು ನಾಳೆಗಿರಲಿ ಎಂದು ಇಟ್ಟದ್ದು ಅದು. ಅವಳ ನಾಳೆ ನಮ್ಮ ಕೈಗೆ ಬಂದಿದೆ.