ಮಾವನಿಗೊಂದು ರೇಟು, ಮಂಡಿಗೊಂದು ರೇಟು

ಅಕ್ಟೋಬರ್ 31ರ ಗಡುವು ಮುಗಿದ ಮೇಲೆ ತಂಗಿಗೆ ಎರಡು ದಿನ ರಜೆ ಸಿಕ್ತು. ಬೆಂಗಳೂರಲ್ಲಿ ವಿದೇಶಿ ಕಂಪನಿಗಳಿಗೆ ತೆರಿಗೆ ಸಲಹೆ ಕೊಡೋ ಕಚೇರಿಯಲ್ಲಿ ಅವಳು ಜೂನಿಯರ್. 'ಕೆಲಸ ಬಿಡ್ತೀನಿ ಕಣೋ ಅಣ್ಣ' ಅಂತ ಕಾರು ಹತ್ತಿದವಳು, ಚನ್ನರಾಯಪಟ್ಟಣದ ತೆಂಗಿನ ತೋಟ ಕಾಣುವವರೆಗೂ ನಿದ್ದೆ. ಹೊಳೆನರಸೀಪುರದಲ್ಲಿ ಮಾವನ ಅಂಗಡಿ ಮುಂದೆ ಕಾಫಿ ಕುಡಿದು ಅರಕಲಗೂಡಿನ ಮನೆ ಸೇರಿದೆವು.

ಊಟಕ್ಕೆ ಕೂತಾಗ ಅಪ್ಪ ಕೇಳಿದರು, 'ರಾತ್ರಿಯೆಲ್ಲ ಕೂರುವಂಥದ್ದು ಅದೇನಮ್ಮ ಕೆಲಸ?'

'ಮಾವನಿಗೆ ಆಲೂಗಡ್ಡೆ ಎಷ್ಟಕ್ಕೆ ಕೊಟ್ಟೆ ಅಪ್ಪ?'

'ನಮ್ಮವನಲ್ವಾ, ಕಮ್ಮಿಗೇ.'

'ಹಾಸನದ ಎಪಿಎಂಸಿಗೆ ಹಾಕಿದ್ರೆ?'

'ಮಾರ್ಕೆಟ್ ರೇಟು.'

'ಕಂಪನಿಗಳೂ ಹಂಗೇ. ಇಲ್ಲಿನ ಕಂಪನಿ ಹೊರದೇಶದ ತನ್ನವರಿಗೇ ಕಮ್ಮಿಗೆ ಮಾರಿದ್ರೆ ಲಾಭ ಅಲ್ಲಿಗೆ ಹೋಗುತ್ತೆ, ಇಲ್ಲಿನ ತೆರಿಗೆ ತಪ್ಪುತ್ತೆ. ಹೊರಗಿನವರಿಗಾದ್ರೆ ಎಷ್ಟಕ್ಕೆ ಮಾರ್ತಿದ್ರು ಅಂತ ಹುಡುಕೋದೇ ನನ್ನ ಕೆಲಸ.'

2001ರ ಹಣಕಾಸು ಕಾಯ್ದೆ ತಂದ ಈ ನಿಯಮಗಳಿಗೆ ಟ್ರಾನ್ಸ್‌ಫರ್ ಪ್ರೈಸಿಂಗ್ ಅಂತಾರೆ. ನಾನು ಬರೆಯುವ ಕೋಡೂ ಅಮೆರಿಕದ ಮೂಲ ಕಂಪನಿಗೇ ಹೋಗುತ್ತದೆ. ಅದರ ಬೆಲೆಗಾಗಿ ಯಾರ ತಂಗಿಯೋ ನಿದ್ದೆಗೆಟ್ಟಿರಬಹುದು ಅಂತ ಎಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

'ಹಂಗಾದ್ರೆ ಮೋಸ ಹಿಡಿಯೋ ಕೆಲಸ' ಅಂದರು ಅಪ್ಪ. ತಂಗಿ ಎಷ್ಟೋ ದಿನದ ಮೇಲೆ ನಕ್ಕಳು.

ಹಾಸನದ ಮೇಲೆ ವಾಪಸ್ ಬರುವಾಗ ಲ್ಯಾಪ್‌ಟಾಪ್ ತೆರೆದಳು. ಬಿಡುವ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.