ಕುಕ್ಕರ್ ರಿಬ್ಸು ಮತ್ತು ಹೊಗೆಯ ವಿಚಾರ

ಬರೀಬೇಕು ಬರೀಬೇಕು ಅಂತ ತುಂಬಾ ದಿನದಿಂದ ಮುಂದಕ್ಕೆ ಹಾಕ್ತಾ ಬಂದ ವಿಷಯ ಇದು. ಮಾಂಸ ತಿನ್ನದ ಗೆಳೆಯರು ನಡುವಿನ ಅಡುಗೆ ಭಾಗ ಹಾರಿಸಿ ಓದಬಹುದು, ಬೇಜಾರಿಲ್ಲ :-)

ನಾನಿರೋದು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ. ಮದ್ದೂರಿಗೆ ವಡೆ, ಧಾರವಾಡಕ್ಕೆ ಪೇಡ ಹೇಗೋ ಈ ಊರಿಗೆ ಬಾರ್ಬೆಕ್ಯೂ ಹಾಗೆ. ಟೆನೆಸ್ಸೀ ಕಡೆಯ ಹೆನ್ರಿ ಪೆರ್ರಿ ಅನ್ನೋ ಕಪ್ಪು ಜನಾಂಗದ ಬಾಣಸಿಗ 1907ರಲ್ಲಿ ಇಲ್ಲಿಗೆ ಬಂದು, ಮರುವರ್ಷದಿಂದ ಹೊಗೆಯಲ್ಲಿ ಬೇಯಿಸಿದ ಮಾಂಸವನ್ನ ನ್ಯೂಸ್‌ಪೇಪರಿನಲ್ಲಿ ಸುತ್ತಿ ಮಾರೋಕೆ ಶುರು ಮಾಡಿದನಂತೆ. ಈ ಊರಿನ ಬಾರ್ಬೆಕ್ಯೂಗೆ ಅವನೇ ಮೂಲಪುರುಷ. ಅವನ ಹತ್ತಿರ ಕೆಲಸ ಮಾಡಿದ ಚಾರ್ಲಿ ಬ್ರಯಂಟ್, ಆಮೇಲೆ ಚಾರ್ಲಿಯ ತಮ್ಮ ಆರ್ಥರ್, ಹೀಗೆ ಕೈ ಬದಲಾಗಿ ಆ ಅಂಗಡಿ ಆರ್ಥರ್ ಬ್ರಯಂಟ್ ಹೆಸರಲ್ಲಿ ಇವತ್ತಿಗೂ ನಡೀತಿದೆ.

ಇಂಥಾ ಊರಲ್ಲಿ ಕೂತು ನಾನು ಪ್ರೆಶರ್ ಕುಕ್ಕರಿನಲ್ಲಿ ಹಂದಿ ರಿಬ್ಸ್ ಮಾಡ್ತೀನಿ. ಇನ್ನೇನು ಮಾಡ್ಲಿ? ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇದ್ದಿಲು ಹಚ್ಚೋ ಹಾಗಿಲ್ಲ. ಹಚ್ಚಬಹುದು ಅಂದ್ರೂ, ಐದಾರು ಗಂಟೆ ಬೆಂಕಿ ಕಾಯೋಕೆ ಪುರುಸೊತ್ತಿಲ್ಲ.

ಈಗ ವಿಧಾನ. ಒಂದು ಕೆಜಿಯಷ್ಟು ರಿಬ್ಸ್ ತಗೊಳ್ಳಿ. ಮೂಳೆ ಇರೋ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯಂಥ ತೆಳು ಪೊರೆ ಇರುತ್ತೆ. ಚಾಕುವಿನ ತುದಿಯಿಂದ ಒಂದು ಮೂಲೆ ಎಬ್ಬಿಸಿ, ಟಿಶ್ಯೂ ಪೇಪರಲ್ಲಿ ಹಿಡಿದು ಎಳೆದರೆ ಪೂರ್ತಿ ಬರುತ್ತೆ. ಎರಡು ಚಮಚ ಬೆಲ್ಲದ ಪುಡಿ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ಸ್ವಲ್ಪ ಜೀರಿಗೆ, ಉಪ್ಪು ಸೇರಿಸಿ ಚೆನ್ನಾಗಿ ಉಜ್ಜಿ ಅರ್ಧ ಗಂಟೆ ಬಿಡಿ. ಇಲ್ಲಿಯವರು ಹಾಕೋ ಪ್ಯಾಪ್ರಿಕಾ ಬದಲು ನಾನು ಬ್ಯಾಡಗಿ ಹಾಕ್ತೀನಿ. ಬಣ್ಣ ಜಾಸ್ತಿ, ಖಾರ ಕಮ್ಮಿ, ಕೆಲಸ ಒಂದೇ.

ಕುಕ್ಕರಿನ ತಳಕ್ಕೆ ತೂತಿನ ತಟ್ಟೆ ಇಟ್ಟು, ಒಂದು ಲೋಟ ನೀರು, ಎರಡು ಚಮಚ ವಿನೆಗರ್ ಹಾಕಿ. ರಿಬ್ಸ್ ತುಂಡುಗಳನ್ನ ನೀರಲ್ಲಿ ಮುಳುಗದ ಹಾಗೆ ನಿಲ್ಲಿಸಿ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಇಪ್ಪತ್ತು ನಿಮಿಷ. ಪ್ರೆಶರ್ ತಾನಾಗೇ ಇಳೀಲಿ, ಚಮಚ ಹಾಕಿ ವಿಷಲ್ ಎತ್ತಬೇಡಿ. ಆಮೇಲೆ ಟೊಮ್ಯಾಟೋ ಕೆಚಪ್, ಜೋನಿ ಬೆಲ್ಲ, ವಿನೆಗರ್, ಸಾಸಿವೆ ಪುಡಿ, ಮೆಣಸಿನ ಪುಡಿ ಕುದಿಸಿದ ಸಾಸನ್ನ ಮೇಲೆ ಬಳಿದು, ಜೋರು ಶಾಖದ ಓವನ್ನಿನಲ್ಲಿ ಏಳೆಂಟು ನಿಮಿಷ. ಅಂಚು ಸ್ವಲ್ಪ ಕರ್ರಗಾದ್ರೆ ಒಳ್ಳೇದೇ.

ಮೂಳೆಯಿಂದ ಮಾಂಸ ಹಾಗೇ ಕಳಚಿ ಬರುತ್ತೆ. ಪಕ್ಕೆಲುಬಿನ ಮಾಂಸ ಗಟ್ಟಿ ಇರೋದು ಅದರಲ್ಲಿರೋ ಕೊಲಾಜೆನ್‌ನಿಂದ. ಅದು ಕರಗಿ ಜೆಲಾಟಿನ್ ಆಗೋಕೆ ಶಾಖ, ತೇವ, ಸಮಯ ಮೂರೂ ಬೇಕು. ಹೊಗೆಗೂಡಿನ ಗಾಳಿ 110 ಡಿಗ್ರಿ ಇದ್ದರೂ ಮಾಂಸದ ಒಳಗೆ ಶಾಖ ಏರೋದು ನಿಧಾನ. ಕುಕ್ಕರಿನಲ್ಲಿ ಒತ್ತಡದಿಂದ ಹಬೆಯೇ 120 ಡಿಗ್ರಿ ಹತ್ತಿರ ಹೋಗುತ್ತೆ, ಅದಕ್ಕೇ ಐದು ಗಂಟೆ ಕೆಲಸ ಅರ್ಧ ಗಂಟೆಗೆ ಮುಗಿಯೋದು.

ಒಮ್ಮೆ ಆಫೀಸಿಗೆ ತಗೊಂಡು ಹೋಗಿದ್ದೆ. ಮನೆ ಹಿತ್ತಲಲ್ಲಿ ಹೊಗೆಗೂಡು ಇಟ್ಕೊಂಡು, ಶನಿವಾರ ಬೆಳಿಗ್ಗೆ ಐದಕ್ಕೇ ಎದ್ದು ಹಿಕರಿ ಕಟ್ಟಿಗೆ ಹಚ್ಚೋ ಸಹೋದ್ಯೋಗಿ ಒಬ್ಬರು ನಾಲ್ಕು ತುಂಡು ತಿಂದು, ಬೆರಳು ನೆಕ್ಕಿ, "ತುಂಬಾ ಚೆನ್ನಾಗಿದೆ, ಆದ್ರೆ ಇದು ಬಾರ್ಬೆಕ್ಯೂ ಅಲ್ಲ" ಅಂದ್ರು. ನಾನು ವಾದ ಮಾಡಲಿಲ್ಲ. ಅವರು ಹೇಳಿದ್ದು ಸರಿ. ಕುಕ್ಕರ್ ಮೆತ್ತಗೆ ಮಾಡುತ್ತೆ, ಹೊಗೆ ಎಲ್ಲಿಂದ ತರುತ್ತೆ?

ಹಾಗಂತ ಹೊಗೆ ನನಗೆ ಹೊಸದಲ್ಲ. ನಮ್ಮದು ಸಕಲೇಶಪುರದ ಕಡೆ. ಮಳೆಗಾಲಕ್ಕೆ ಅಂತ ಒಲೆ ಮೇಲಿನ ಅಟ್ಟದಲ್ಲಿ ಮಾಂಸ ಒಣಗಿಸಿಡ್ತಿದ್ರು. ಆ ಹೊಗೆ ವಾಸನೆಯ ಸಾರು ನೆನೆಸಿಕೊಂಡ್ರೆ ಈಗಲೂ ಬಾಯಲ್ಲಿ ನೀರು ಬರುತ್ತೆ. ಆದ್ರೆ ಜೊತೆಗೇ ಅಜ್ಜಿಯ ಕೆಂಪು ಕಣ್ಣು, ರಾತ್ರಿಯೆಲ್ಲಾ ಬಿಡದ ಕೆಮ್ಮು ಕೂಡಾ ನೆನಪಾಗುತ್ತೆ. ಮನೆಗೆ ಗ್ಯಾಸು, ಕುಕ್ಕರು ಬಂದಾಗ ಅಜ್ಜ ವಾರಗಟ್ಟಲೆ ಗೊಣಗಿದ್ರು, "ಕುಕ್ಕರ್ ಅನ್ನಕ್ಕೆ ರುಚಿನೇ ಇಲ್ಲ" ಅಂತ. ಅಜ್ಜಿ ಒಂದೇ ಮಾತು ಹೇಳಿದ್ದು: "ಹಂಗಾರೆ ನಾಳೆಯಿಂದ ನೀವೇ ಬಂದು ಒಲೆ ಊದಿ." ಅಲ್ಲಿಗೆ ಅಜ್ಜನ ಗೊಣಗಾಟ ಬಂದ್ :-)

ಹಿತ್ತಲಲ್ಲಿ ಕುರ್ಚಿ ಹಾಕ್ಕೊಂಡು ವಾರಕ್ಕೊಮ್ಮೆ ಹೊಗೆ ಹಾಕೋದು ಸುಖ. ಹೆನ್ರಿ ಪೆರ್ರಿಗೆ ಅದು ಹೊಟ್ಟೆಪಾಡು. ಅಜ್ಜಿಗೆ ಅದು ಎರಡೂ ಅಲ್ಲ, ದಿನಾ ಎರಡು ಹೊತ್ತು ತಪ್ಪಿಸಿಕೊಳ್ಳಲಾಗದ ಕೆಲಸ. "ಸೌದೆ ಒಲೆ ರುಚಿನೇ ಬೇರೆ" ಅಂತ ಹೊಗಳೋ ನಮ್ಮಲ್ಲಿ ಊದುಗೊಳವೆ ಹಿಡಿದವರು ಎಷ್ಟು ಜನ? ರುಚಿ ಬೇರೆ ಅನ್ನೋದು ನಿಜ. ಆ ರುಚಿಗೆ ಬೆಲೆ ಕೊಟ್ಟವರು ಯಾರು ಅನ್ನೋದೂ ಅಷ್ಟೇ ನಿಜ.

ಅದಕ್ಕೇ ನನ್ನ ಅಡುಗೆಗೆ ಬಾರ್ಬೆಕ್ಯೂ ಅನ್ನಲ್ಲ, ಕುಕ್ಕರ್ ರಿಬ್ಸ್ ಅಂತೀನಿ. ಹೊಗೆ ಬೇಕು ಅನ್ನಿಸಿದ ದಿನ ಆ ಸಹೋದ್ಯೋಗಿ ಮನೆಗೆ ಹೋಗ್ತೀನಿ, ಕಟ್ಟಿಗೆ ಹಾಕೋಕೆ ಕೈ ಜೋಡಿಸ್ತೀನಿ.

ನಿಮ್ಮ ಮನೆಗೆ ಕುಕ್ಕರ್ ಬಂದಾಗ ಗೊಣಗಿದ್ದು ಯಾರು? ಖುಷಿಪಟ್ಟಿದ್ದು ಯಾರು? ನೆನಪಿದ್ರೆ ಬರೀರಿ.