ಹಕ್ಕಲಿನ ಕಳೆ

ಕನ್ನಡದ ಮೇಷ್ಟರಿಗೆ ಒಂದು ಕೆಟ್ಟ ಚಾಳಿಯುಂಟು. ಎದುರಿಗಿರುವವರು ಕಷ್ಟ ಹೇಳಿಕೊಳ್ಳುತ್ತಿದ್ದರೂ, ಆ ಮಾತಿನೊಳಗಿನ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಕಷ್ಟವನ್ನು ಬಿಟ್ಟು ಶಬ್ದದ ಬೆನ್ನು ಹತ್ತುತ್ತಾರೆ. ನಾನೂ ಆ ಪಂಗಡದವನೇ. ೨೦೨೨ರ ಯುಗಾದಿ ಕಳೆದ ಮಾರನೆಯ ದಿನ ಊರಿನಿಂದ ಅಣ್ಣ ಫೋನು ಮಾಡಿ, "ಹಕ್ಕಲಿನಲ್ಲಿ ಕಳೆ ವಿಪರೀತ ಆಯ್ತು ಮಾರಾಯ, ಅಪ್ಪಯ್ಯ ಹೋದಮೇಲೆ ನನ್ನ ಕೈಯಲ್ಲಿ ಆಗ್ತಾ ಇಲ್ಲ" ಎಂದ. ನಾನು, "ಕಳೆ ಹೆಚ್ಚಿದರೆ ಒಳ್ಳೆಯದೇ ಅಲ್ಲವಾ ಅಣ್ಣಯ್ಯ, ಮುಖದಲ್ಲಿ ಕಳೆ ಇಲ್ಲ ಅಂತ ತಾನೆ ಜನ ಕೊರಗೋದು?" ಎಂದುಬಿಟ್ಟೆ. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹಸುವಿಗೆ ಅಕ್ಕಚ್ಚು ಕೊಡಬೇಕು" ಎಂದು ಫೋನಿಟ್ಟ.

ಕನ್ನಡದಲ್ಲಿ ಕಳೆ ಒಂದಲ್ಲ, ಮೂರು. ಗದ್ದೆಯಲ್ಲಿ ಬೆಳೆಯುವ ಕಳೆ ಅಚ್ಚಗನ್ನಡದ್ದು. ಮುಖದ ಕಳೆ ಸಂಸ್ಕೃತದ 'ಕಲಾ' ಎಂಬುದರಿಂದ ಬಂದದ್ದು. ಕಾಲ ಕಳೆಯುವ, ಹತ್ತರಲ್ಲಿ ಮೂರು ಕಳೆಯುವ ಕಳೆ ಕ್ರಿಯಾಪದ. ಇಪ್ಪತ್ತು ವರ್ಷದಿಂದ ಇದನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸುತ್ತ ಬಂದಿದ್ದೇನೆ. ಮೂರನ್ನೂ ಬಲ್ಲ ನನಗೆ ಮೊದಲನೆಯದನ್ನು ಕೀಳುವುದು ಮಾತ್ರ ತಿಳಿದಿರಲಿಲ್ಲ.

ನಮ್ಮ ಮನೆ ಸಾಗರ ತಾಲ್ಲೂಕಿನ ಒಂದು ಕಣಿವೆಯಲ್ಲಿದೆ. ಆ ಕಡೆಯವರಿಗೆ ಹೇಳಬೇಕಾದ್ದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಓದುಗರಿಗಾಗಿ ಹೇಳುತ್ತೇನೆ. ಕೆಳಗೆ ತಗ್ಗಿನಲ್ಲಿ ಅಡಿಕೆ ತೋಟ. ಅದರ ದಡದಲ್ಲಿ ಮನೆ, ಕೊಟ್ಟಿಗೆ. ಮನೆಯ ಹಿಂದೆ ನೆಟ್ಟಗೆ ಏರಿಹೋಗುವ ಹಕ್ಕಲು, ಎಂದರೆ ಉಳುಮೆಗೆ ಒದಗದ ಒಣ ಏರು. ಅದಕ್ಕೂ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟ ಸರ್ಕಾರದ್ದು, ಸೊಪ್ಪು ದರಕು ತರುವ ಹಕ್ಕು ಮಾತ್ರ ತೋಟದವರದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಇಳಿಯಬೇಕು, ದನದ ಕಾಲಡಿಯಲ್ಲಿ ಗೊಬ್ಬರವಾಗಬೇಕು, ಗೊಬ್ಬರ ಅಡಿಕೆಯ ಬುಡ ಸೇರಬೇಕು. ಈ ವ್ಯವಹಾರಕ್ಕೆಲ್ಲ ದಾರಿ ಹಕ್ಕಲಿನ ಮೇಲೆಯೇ. ಪಾಲಿನಲ್ಲಿ ತೋಟ ಅಣ್ಣನಿಗೆ ಹೋಯಿತು, ಮೂರೆಕರೆ ಹಕ್ಕಲು ನನಗೆ ಬಂತು. ಹೀಗಾಗಿ ಕಳೆ ನನ್ನದು, ಅದರ ಕಾಟ ಅಣ್ಣನದು.

ಕಳೆಯೆಂದರೆ ಮುಖ್ಯವಾಗಿ ಲಂಟಾನ. ನೀವು ನೋಡಿಯೇ ಇರುತ್ತೀರಿ. ಹಳದಿಯಾಗಿ ಅರಳಿ ಆಮೇಲೆ ಕೆಂಪಿಗೆ ತಿರುಗುವ ಸಣ್ಣ ಸಣ್ಣ ಹೂವಿನ ಗೊಂಚಲು, ತಿಕ್ಕಿದರೆ ಘಾಟು ಹೊಡೆಯುವ ಒರಟು ಎಲೆ, ನಾಲ್ಕು ಮೂಲೆಯ ಕಾಂಡ, ಅದರ ಮೇಲೆ ಹಿಂದಕ್ಕೆ ಬಾಗಿದ ಮುಳ್ಳು. ಅಮೆರಿಕದ ಉಷ್ಣಪ್ರದೇಶದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದರಂತೆ. ಅಂದಕ್ಕೆ ತಂದದ್ದು ಬೇಲಿಗೆ ಬಂತು, ಬೇಲಿ ದಾಟಿ ಕಾಡಿಗೆ ನಡೆಯಿತು. ಅದರ ಕಪ್ಪು ಹಣ್ಣನ್ನು ಪಿಕಳಾರ ತಿನ್ನುತ್ತದೆ; ಚಿಕ್ಕಂದಿನಲ್ಲಿ ನಾವೂ ತಿಂದಿದ್ದೇವೆ. ಪಿಕಳಾರ ಮರದ ಮೇಲೆ ಕೂತು ಬೀಜ ಉದುರಿಸುತ್ತದೆ, ಬೀಜ ಆ ಮರದಡಿಯಲ್ಲೇ ಮೊಳೆಯುತ್ತದೆ. ಬೇರೆ ಸಸಿ ಅದರ ನೆರಳಿನಲ್ಲಿ ತಲೆಯೆತ್ತುವುದಿಲ್ಲ, ಕರಡದ ಹುಲ್ಲು ಸಾಯುತ್ತದೆ. ಇದನ್ನು ಹಿಡಿತಕ್ಕೆ ತರಲು ೧೯೨೧ರಲ್ಲಿ ಹವಾಯಿ ದ್ವೀಪದಿಂದ ಒಂದು ನೊಣವನ್ನೂ ತರಿಸಿದ್ದರು. ನೊಣ ಇಲ್ಲಿ ಒಗ್ಗಿಕೊಂಡು ಸುಖವಾಗಿದೆ, ಲಂಟಾನವೂ ಸುಖವಾಗಿದೆ.

ಇದರ ನೆಂಟರು ಇನ್ನಿಬ್ಬರು. ರಸ್ತೆಯ ಬದಿಯಲ್ಲೂ ಮನೆಯ ಮುಂದಿನ ಬಯಲಲ್ಲೂ ಬರುವ, ಬಿಳಿಯ ಸಣ್ಣ ಹೂವಿನ ಪಾರ್ಥೇನಿಯಮ್, ೧೯೫೫-೫೬ರ ಹೊತ್ತಿಗೆ ಪುಣೆಯಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು. ನಮ್ಮ ಜನ ಅದನ್ನು ಕಾಂಗ್ರೆಸ್ ಗಿಡ ಎಂದರು. ಕಡಿದ ಕಾಡಿನಲ್ಲಿ ಎಲ್ಲರಿಗಿಂತ ಮೊದಲು ನುಗ್ಗುವ ಯುಪಟೋರಿಯಂ ಕಮ್ಯುನಿಸ್ಟ್ ಗಿಡವಾಯಿತು. ಲಂಟಾನಕ್ಕೆ ಯಾವ ಪಕ್ಷವೂ ಅಂಟಲಿಲ್ಲ. ಅದು ಇವರಿಬ್ಬರಿಗಿಂತ ಮೊದಲೇ ಬಂದು ಜಾಗ ಹಿಡಿದಿತ್ತು ಎಂದು ಕಾಣುತ್ತದೆ.

ಅಣ್ಣ ಫೋನಿಟ್ಟ ರೀತಿ ಮನಸ್ಸಿಗೆ ಚುಚ್ಚಿತು. ಪ್ರಾಯಶ್ಚಿತ್ತವನ್ನು ಬೇಗ ಮಾಡಿ ಮುಗಿಸಬೇಕೆನ್ನುವುದು ಪೇಟೆಯವರ ಸ್ವಭಾವ. ಸೆಮಿಸ್ಟರ್ ಬಂದ ಮೇಲೆ ಬೇಸಿಗೆ ರಜೆ ಎಂಬುದು ಪುರಾಣಕಾಲದ ಮಾತಾಗಿದೆ. ನನಗೆ ಸಿಕ್ಕಿದ್ದು ಮೇ ತಿಂಗಳಲ್ಲಿ ಆರು ದಿನ. ಆರು ದಿನದಲ್ಲಿ ಮೂರೆಕರೆ! ಆಳುಗಳನ್ನು ಹುಡುಕುವುದೆಲ್ಲಿ? ಔಷಧಿ ಹೊಡೆಯಿರಿ ಎಂದು ಪೇಟೆಯ ಅಂಗಡಿಯವರೊಬ್ಬರು ಸಲಹೆಯಿತ್ತರು. ನಮ್ಮ ಮನೆಗೆ ಕುಡಿಯುವ ನೀರು ಹಕ್ಕಲಿನ ಒರತೆಯಿಂದ ಪೈಪಿನಲ್ಲಿ ಇಳಿದು ಬರುವುದು; ಅತ್ತಿಗೆ ಆ ಮಾತನ್ನು ಮುಗಿಸಲೂ ಬಿಡಲಿಲ್ಲ. ಬೆಂಕಿಯಂತೂ ಕೂಡದು, ಲಂಟಾನ ಹಸಿಯಾಗಿದ್ದಾಗಲೂ ಉರಿಯುತ್ತದೆ, ಮೇಲೆ ಬೆಟ್ಟವಿದೆ. ಕೊನೆಗೆ ಮಣ್ಣು ತೋಡುವ ಹಳದಿ ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡಿದೆ. ಅಣ್ಣ, "ಏರು ಜಾಸ್ತಿ ಇದೆ, ನೋಡು" ಎಂದದ್ದು ಒಂದೇ ಸಲ. ಹಕ್ಕಲು ನನ್ನ ಪಾಲಿನದಲ್ಲವೇ, ಎರಡನೆಯ ಸಲ ಹೇಳಲು ಅವನಿಗೆ ಸಂಕೋಚ.

ಯಂತ್ರ ಏರು ಹತ್ತಬೇಕಾದರೆ ಅದಕ್ಕೊಂದು ದಾರಿ ಬೇಕು. ಮೊದಲು ಗುಡ್ಡದ ಪಕ್ಕೆಯನ್ನೇ ಕೊರೆದು ದಾರಿ ಮಾಡಿಕೊಂಡಿತು. ಆಮೇಲೆ ಎರಡೂವರೆ ದಿನ. ಆಹಾ, ಆ ಎರಡೂವರೆ ದಿನ ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದ ಸಂತೋಷವನ್ನು ಮುಚ್ಚಿಡುವುದಿಲ್ಲ. ಆಳೆತ್ತರದ ಪೊದೆಗಳು ಬೇರುಸಹಿತ ಎದ್ದು ಬರುತ್ತಿದ್ದವು. ಕೆಂಪು ಮಣ್ಣು ಹೊಸದಾಗಿ ಸಾರಿಸಿದ ನೆಲದ ಹಾಗೆ ಹೊಳೆಯುತ್ತಿತ್ತು. ಫೋಟೋ ತೆಗೆದು ಕಾಲೇಜಿನ ಮಿತ್ರರಿಗೆಲ್ಲ ಕಳಿಸಿದೆ.

ಜುಲೈ ತಿಂಗಳ ಮಳೆಗೆ ಆ ದಾರಿ ಕುಸಿಯಿತು. ಹಿಡಿದುಕೊಳ್ಳಲು ಬೇರಿಲ್ಲದ ಸಡಿಲ ಮಣ್ಣು ಒಂದು ರಾತ್ರಿ ಕೆಸರಾಗಿ ಇಳಿದು ತೋಟಕ್ಕೆ ಬಂತು. ಬಸಿಗಾಲುವೆಗಳು ತುಂಬಿಹೋದವು. ಅಡಿಕೆ ಮರಕ್ಕೆ ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಕೂಡದು. ಕಾಲುವೆ ಕಟ್ಟಿದರೆ ಬೇರು ಕೊಳೆಯುತ್ತದೆ. ನಾನು ಊರಿಗೆ ಹೋದಾಗ ಅಣ್ಣ, ಅತ್ತಿಗೆ, ಇಬ್ಬರು ಆಳುಗಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದರು. ಅಪ್ಪಯ್ಯ ನೆಟ್ಟ ಸಾಲಿನಲ್ಲಿ ಹನ್ನೊಂದು ಮರ ಆ ವರ್ಷ ಹಳದಿಗೆ ತಿರುಗಿ, ಮುಂದಿನ ವರ್ಷ ಹೋದವು. ಅಣ್ಣ ಬೈಯಲಿಲ್ಲ. "ಊಟಕ್ಕೆ ಏಳು" ಎಂದ. ಬೈದಿದ್ದರೆ ನಾನು ಎದುರು ಮಾತಾಡಿ, ಮಳೆ ಹೆಚ್ಚಾಯಿತು ಎಂದು ಏನಾದರೂ ಸಮರ್ಥಿಸಿಕೊಂಡು ಹಗುರವಾಗುತ್ತಿದ್ದೆ. ಆ ಅನುಕೂಲವನ್ನು ಅವನು ಮಾಡಿಕೊಡಲಿಲ್ಲ.

ಇಷ್ಟಾದರೂ ಕಳೆ ಹೋಯಿತೇ? ಯಂತ್ರದ ಹಲ್ಲಿಗೆ ಸಿಕ್ಕು ತುಂಡಾದ ಬುಡಗಳೆಲ್ಲ ಚಿಗುರಿದವು. ನಡುವಿನ ಬೋಳು ನೆಲದಲ್ಲಿ ಕಮ್ಯುನಿಸ್ಟ್ ಗಿಡ ಎದೆಯೆತ್ತರ ಬಂತು. ದೀಪಾವಳಿಗೆ ಹೋದಾಗ ಹಕ್ಕಲು ಎಂದಿಗಿಂತ ಹಸುರಾಗಿತ್ತು.

ನನಗೆ ಕೆಲಸ ಕಲಿಸಿದ್ದು ನಮ್ಮ ತೋಟದ ಕೆಲಸಕ್ಕೆ ಬಹುಕಾಲದಿಂದ ಬರುತ್ತಿರುವ ಒಬ್ಬ ಹೆಂಗಸು. ವಯಸ್ಸು ಅರುವತ್ತು ದಾಟಿದೆ. ಅಣ್ಣನೂ ನಾನೂ ಅಕ್ಕ ಎಂದೇ ಕರೆಯುವುದು. ೨೦೨೩ರ ಮೇ ತಿಂಗಳಲ್ಲಿ, ಮೊದಲ ಮಳೆಗೆ ನೆಲ ಸ್ವಲ್ಪ ಮೆತ್ತಗಾದ ಮೇಲೆ, ನಾನು ಕತ್ತಿ ಹಿಡಿದು ಪೊದೆಯ ತಲೆ ಸವರುತ್ತಿದ್ದುದನ್ನು ನೋಡಿ ನಕ್ಕಳು. "ಅದಕ್ಕೆ ಕ್ಷೌರ ಮಾಡ್ತಿದೀರಲ್ಲ ಮೇಷ್ಟ್ರೆ, ಇನ್ನೂ ಸೊಂಪಾಗಿ ಬರ್ತದೆ." ಗುದ್ದಲಿ ತೆಗೆದುಕೊಂಡು ಪೊದೆಗೆ ಬೆನ್ನು ಹಾಕಿ ನಿಂತಳು, ಬೆನ್ನು ಹಾಕಿದರೆ ಮುಳ್ಳು ಮುಖಕ್ಕೆ ಬಡಿಯುವುದಿಲ್ಲ. ಬುಡದ ಮಣ್ಣು ಒಂದಿಷ್ಟು ಬಿಡಿಸಿ, ನೆಲದಿಂದ ಮೂರು ಬೆರಳು ಕೆಳಗೆ ತಾಯಿಬೇರಿಗೆ ಎರಡು ಏಟು ಕೊಟ್ಟಳು. ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ, ಬೇರು ಆಕಾಶ ನೋಡುವ ಹಾಗೆ, ಇಳಿಜಾರಿಗೆ ಅಡ್ಡಲಾಗಿ ಮಲಗಿಸಿದಳು. ಕಾಂಡ ನೆಲಕ್ಕೆ ತಾಗಿದರೆ ಅಲ್ಲಿಯೇ ಬೇರು ಬಿಡುತ್ತದೆ. ಅಡ್ಡ ಮಲಗಿದ ಪೊದೆ ಇಳಿದು ಬರುವ ಮಣ್ಣನ್ನು ತಡೆಯುತ್ತದೆ. ಆಳದ ಬೇರು ಮಣ್ಣಿನಲ್ಲೇ ಇದ್ದು ನಿಧಾನವಾಗಿ ಕೊಳೆಯುವುದರಿಂದ ಏರು ಸಡಿಲವಾಗುವುದಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನನ್ನ ಚಾಳಿಯಂತೆ ಪುಸ್ತಕ ಹುಡುಕಿದೆ. ದೆಹಲಿ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಸಿ. ಆರ್. ಬಾಬು ಅವರೂ ಅವರ ಸಂಗಡಿಗರೂ ಕಾರ್ಬೆಟ್ ಕಾಡಿನಲ್ಲಿ ಪ್ರಯೋಗ ಮಾಡಿ ೨೦೦೯ರಲ್ಲಿ ಬರೆದು ಪ್ರಕಟಿಸಿದ ಕ್ರಮವೂ ಬಹುಮಟ್ಟಿಗೆ ಇದೇ: ಬೇರನ್ನು ನೆಲದ ಕೆಳಗೆ ಕಡಿಯುವುದು, ಗಿಡವನ್ನು ಬುಡಮೇಲು ಇಡುವುದು, ಹಕ್ಕಿ ಕೂರುವ ಮರಗಳ ಅಡಿಯಲ್ಲಿ ಹುಟ್ಟುವ ಸಸಿಯನ್ನು ಮರೆಯದೆ ಕೀಳುವುದು. ಅಕ್ಕನಿಗೆ ಹೇಳಿದೆ. "ಅವರೂ ಗುದ್ದಲಿ ಹಿಡಿದಿರಬೇಕು" ಎಂದಳು.

ಹಕ್ಕಲಿನ ಏರಿನಲ್ಲಿ ಇನ್ನೊಂದು ಕಟ್ಟುಪಾಡು. ಒಬ್ಬರ ಕೆಳಗೆ ಒಬ್ಬರು ನಿಲ್ಲಬಾರದು. ಮೇಲಿನವನ ಗುದ್ದಲಿಗೆ ಎದ್ದ ಕಲ್ಲು ಕೆಳಗಿನವನ ತಲೆ ಹುಡುಕಿಕೊಂಡು ಬರುತ್ತದೆ. ಎಲ್ಲರೂ ಒಂದೇ ಮಟ್ಟದಲ್ಲಿ ಅಡ್ಡಡ್ಡ ಹೋಗಬೇಕು. ಒಂದು ಪಟ್ಟಿ ತೆಗೆದರೆ ಅದರ ಕೆಳಗಿನ ಪಟ್ಟಿಯನ್ನು ಮುಂದಿನ ವರ್ಷಕ್ಕೆ ಬಿಡಬೇಕು. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು. ಶತ್ರುವನ್ನು ಕಣ್ಣೆದುರಿಗೆ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗುವುದೆಂದರೆ! ದಿನಕ್ಕೆ ಆರೇಳು ಪೊದೆಗೆ ನನ್ನ ಅಂಗೈ ಬೊಬ್ಬೆ ಎದ್ದಿತು. ಅಕ್ಕ ಎಷ್ಟು ತೆಗೆದಳೆಂದು ಎಣಿಸಲು ಹೋಗಲಿಲ್ಲ, ಮರ್ಯಾದೆಯ ಪ್ರಶ್ನೆ.

ಆ ವರ್ಷ ಮಳೆ ಕೈಕೊಟ್ಟಿತು. ಹುಲ್ಲಿಲ್ಲದೆ ನಮ್ಮ ಪಡ್ಡೆ ಹಸು ಲಂಟಾನದ ಸೊಪ್ಪಿಗೆ ಬಾಯಿ ಹಾಕಿತು. ಆ ಸೊಪ್ಪು ದನದ ಪಿತ್ತಕೋಶವನ್ನು ಕೆಡಿಸುತ್ತದೆ. ಆಮೇಲೆ ಬಿಸಿಲು ತಾಗಿದರೆ ಚರ್ಮ ಸುಲಿದು ಬರುತ್ತದೆ. ಮೂತಿಯ ಮೇಲಿನ ತೊಗಲೆಲ್ಲ ಎದ್ದುಹೋಗಿತ್ತು. ಅತ್ತಿಗೆ ಅದನ್ನು ಮೂರು ವಾರ ಕೊಟ್ಟಿಗೆಯ ಕತ್ತಲೆ ಮೂಲೆಯಲ್ಲಿ ಕಟ್ಟಿ, ವೈದ್ಯರ ಔಷಧಿಯನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿ ಉಳಿಸಿಕೊಂಡಳು. ಅದು ಬಾಯಿ ಹಾಕಿದ್ದು ಯಾರ ಪಾಲಿನ ನೆಲದಲ್ಲಿ ಎಂದು ಯಾರೂ ಹೇಳಲಿಲ್ಲ.

ಮರುವರ್ಷ, ೨೦೨೪ರ ಆದಿಯಲ್ಲಿ, ಲಾಲ್‌ಬಾಗಿನಲ್ಲಿ ಲಂಟಾನದ ಆನೆಗಳು ಬಂದು ನಿಂತವು. ನೀಲಗಿರಿಯ ಗೂಡಲೂರಿನ ಕಡೆಯ ಆದಿವಾಸಿ ಕುಶಲಿಗಳು ಲಂಟಾನದ ಕಡ್ಡಿಯಲ್ಲಿ ಹೆಣೆದ, ನಿಜದ ಆನೆಯಷ್ಟೇ ದೊಡ್ಡ ಆನೆಗಳು. ಇಂಥ ಆನೆಗಳು ೨೦೨೧ರಲ್ಲಿ ಲಂಡನ್ನಿನ ಉದ್ಯಾನಗಳಲ್ಲೂ ನಿಂತಿದ್ದವು. ಅಲಂಕಾರಕ್ಕೆಂದು ಸಸ್ಯೋದ್ಯಾನಕ್ಕೆ ಬಂದ ಗಿಡ ಇನ್ನೂರು ವರ್ಷ ಕಾಡು ಸುತ್ತಿ ಅಲಂಕಾರವಾಗಿಯೇ ಮತ್ತೊಂದು ಸಸ್ಯೋದ್ಯಾನಕ್ಕೆ ಬಂದದ್ದನ್ನು ಕಂಡು ನನಗೆ ನಗು ಬಂತು. ಮಲೆಮಹದೇಶ್ವರ ಬೆಟ್ಟದ ಜನ ಅದರ ಕಾಂಡವನ್ನು ಕುದಿಸಿ, ಸಿಪ್ಪೆ ತೆಗೆದು, ಕುರ್ಚಿ ಮೇಜು ಮಾಡುವುದೂ ಉಂಟು. ಕಣ್ಣಿಗೆ ಬೆತ್ತದ ಹಾಗೆಯೇ ಕಾಣುತ್ತದೆ. ನನ್ನ ಹೆಂಡತಿ ಆನೆಯ ಸೊಂಡಿಲು ಸವರಿ, "ನಿಮ್ಮ ಹಕ್ಕಲಿನಲ್ಲಿ ಎಷ್ಟು ಆನೆ ಆಗಬಹುದು?" ಎಂದಳು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಮೊದಲ ಪಟ್ಟಿಯಲ್ಲಿ ಒಂದು ಮರಿಯಾನೆಯಷ್ಟು ಮುಗಿದಿತ್ತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ಕಾಡಿನ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಎಂದೇ ಅದರ ಹೆಸರು. ೧೯೭೪ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಮೇಲೇರಿತು ಎಂಬುದು ಅವರ ಮಾತು. ನಮ್ಮ ಮಲೆನಾಡಿಗೆ ಆ ಬೆಂಕಿ ಹೊಂದದು. ಆದರೆ ಆ ಮಾತು ಓದಿದಾಗ ನನಗೆ ಅಪ್ಪಯ್ಯನ ನೆನಪಾಯಿತು. ಅಪ್ಪಯ್ಯ ಹಕ್ಕಲಿನಲ್ಲಿ ಕಳೆ ಕೀಳುವ ಕೆಲಸ ಎಂದು ಎಂದೂ ಇಟ್ಟುಕೊಂಡವರಲ್ಲ. ದಿನಾ ಬೆಳಿಗ್ಗೆ ಒರತೆ ನೋಡಲು ಹೋಗುವರು, ಬರುವಾಗ ಕೈಗೆ ಸಿಕ್ಕ ನಾಲ್ಕು ಸಸಿ ಕಿತ್ತು ಬೇರು ಮೇಲೆ ಮಾಡಿ ಕಲ್ಲಿನ ಮೇಲೆ ಇಡುವರು. ಅದು ಕೆಲಸವೆಂದು ನಮಗೆ ತೋರಿರಲಿಲ್ಲ. ಈಗ ಲೆಕ್ಕ ಹಾಕಿದರೆ, ಎರಡು ವರ್ಷದಲ್ಲಿ ನಾನು ಅಕ್ಕನ ಜತೆಯಲ್ಲಿ ತೆಗೆದದ್ದು ಅವರು ಹೋದ ಆರು ವರ್ಷದಲ್ಲಿ ಬೆಳೆದದ್ದರ ಅರ್ಧವೂ ಅಲ್ಲ.

ಮೊದಲ ಪಟ್ಟಿಯಲ್ಲಿ ಈಗ ಕರಡ ಬಂದಿದೆ. ಎರಡು ಮತ್ತಿ ಸಸಿ, ಒಂದು ಹೊನ್ನೆ, ನಾವು ನೆಡದೆಯೇ ಎದ್ದಿವೆ. ಸೊಪ್ಪು ಹೊರುವವರು ಆ ದಾರಿಯಲ್ಲಿ ಓಡಾಡುತ್ತಿದ್ದಾರೆ. ಆದರೆ ಮಣ್ಣಿನೊಳಗಿನ ಬೀಜ ಪ್ರತಿ ಮಳೆಗಾಲದಲ್ಲೂ ಮೊಳೆಯುತ್ತದೆ. ಬೆರಳುದ್ದ ಇದ್ದಾಗ ಎರಡು ಬೆರಳಲ್ಲಿ ಕಿತ್ತರೆ ಆಯಿತು, ಒಂದು ವರ್ಷ ತಪ್ಪಿದರೆ ಮತ್ತೆ ಗುದ್ದಲಿಯೇ ಬೇಕು. ಕಳೆದ ಸಲ ಆಗಸ್ಟಿನಲ್ಲಿ ಮೌಲ್ಯಮಾಪನದ ಕೆಲಸ ತಪ್ಪಿಸಿಕೊಂಡು ಹೋದೆ. ಮೇಲಿನವರು ಕಾರಣ ಕೇಳಿದರು. ಕಳೆ ಕೀಳಲು ಎಂದು ಬರೆದುಕೊಟ್ಟರೆ ನಂಬುವರೇ, ಅನಾರೋಗ್ಯ ಎಂದು ಬರೆದೆ.

ಮೊನ್ನೆ ಅಣ್ಣನ ಫೋನು ಬಂತು. ಅಡಿಕೆಯ ಧಾರಣೆ, ಮಂಡಿನೋವು, ಅಕ್ಕನ ಮಗಳ ಮದುವೆ, ಎಲ್ಲ ಆದ ಮೇಲೆ, "ಮೇಲಿನ ಮತ್ತಿ ಮರದ ಬುಡದಲ್ಲಿ ಮತ್ತೆ ಒಂದಿಷ್ಟು ಎದ್ದಿದೆ. ಕಳೆ" ಎಂದ. ಆ ಶಬ್ದವನ್ನು ಸ್ವಲ್ಪ ಒತ್ತಿಯೇ ಹೇಳಿ ಸುಮ್ಮನಾದ. ನಾನು ಏನಾದರೂ ಹೇಳಬಹುದೆಂದು ಕಾದನೋ ಏನೋ.

"ಶನಿವಾರ ರಾತ್ರಿ ತಾಳಗುಪ್ಪ ರೈಲಿಗೆ ಹೊರಡ್ತೀನಿ ಅಣ್ಣಯ್ಯ" ಎಂದೆ.

"ಉಂಬಳ ಜಾಸ್ತಿ ಇದೆ. ಸುಣ್ಣ ಹೊಗೆಸೊಪ್ಪು ಇಲ್ಲೇ ಇದೆ, ಹಳೇ ಪ್ಯಾಂಟು ಒಂದು ತಗೊಂಡು ಬಾ" ಎಂದ.